ಕೊನೆಯ ಬೆಂಚಿನ ಅರ್ಧ ವಾಕ್ಯ

ಖಾಸಗಿ ಶಾಲೆಗಳಲ್ಲಿ ಟೀಚರ್ ಕೆಲಸ ಹುಡುಕಿದವರಿಗೆಲ್ಲ ಡೆಮೊ ಕ್ಲಾಸ್ ಎಂಬ ಶಿಕ್ಷೆ ಗೊತ್ತು. ಬೇಸಿಗೆ ರಜೆಯಲ್ಲಿ ಮಕ್ಕಳಿರುವುದಿಲ್ಲ. ಹಾಗಾಗಿ ಪ್ರಿನ್ಸಿಪಾಲರು, ಕೋಆರ್ಡಿನೇಟರು, ಒಮ್ಮೊಮ್ಮೆ ಶಾಲೆಯ ಯಜಮಾನರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಚಿ ಕೂತು ತಾವೇ ಮಕ್ಕಳಾಗುತ್ತಾರೆ. ನಾವು ಅವರಿಗೆ ಪಾಠ ಮಾಡಬೇಕು. ತಲೆ ನರೆತ ಹೆಂಗಸು ಕೈಯೆತ್ತಿ "ಮಿಸ್, ಟಾಯ್ಲೆಟ್" ಎಂದು ಕೀಟಲೆ ಮಾಡಿದರೆ ನಗುವಂತಿಲ್ಲ, ಮುದ್ದಾಗಿ ಉತ್ತರ ಕೊಡಬೇಕು. ನಾಟಕ ಅವರದು, ಬೆವರು ನಮ್ಮದು.

ನಾನು ಗದಗಿನ ಕಡೆಯವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಹಟ ಹಿಡಿದು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದೆ. ಮದುವೆಯಾಗಿ ಮತ್ತಿಕೆರೆಗೆ ಬಂದ ಮೇಲೆ ಅಲ್ಲೇ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಆ ಶಾಲೆ ಮುಚ್ಚಿತು. ಕಟ್ಟಡ ಕಾಲೇಜು ಹುಡುಗರ ಪಿಜಿ ಆಯಿತು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಕೋಣೆಯ ಕಿಟಕಿಯಲ್ಲಿ ಈಗ ಯಾರದೋ ಜೀನ್ಸ್ ಒಣಗುತ್ತಿರುತ್ತದೆ. ಅಲ್ಲಿಂದ ಮುಂದೆ ಎರಡು ಶಾಲೆಗಳಲ್ಲಿ ಡೆಮೊ ಕೊಟ್ಟೆ. ಎರಡೂ ಕಡೆ ಪಾಠ ಚೆನ್ನಾಗಿದೆ ಎಂದರು, ಉಚ್ಚಾರಣೆ ಮಾತ್ರ "ಸ್ವಲ್ಪ ಆ ಕಡೆಯದು" ಎಂದರು. ಆ ಕಡೆ ಎಂದರೆ ಯಾವ ಕಡೆ ಎಂದು ಕೇಳುವ ಬಾಯಿ ನನಗಿತ್ತು, ಕೇಳಲಿಲ್ಲ.

ಅಷ್ಟರಲ್ಲಿ ಹೆಬ್ಬಾಳದ ಒಂದು ಆಫೀಸಿನವರು ಡೇಟಾ ಎಂಟ್ರಿ ಕೆಲಸಕ್ಕೆ ಕರೆದರು. ದಿನವಿಡೀ ಬಾಯಿ ಮುಚ್ಚಿಕೊಂಡು ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಒಪ್ಪುವುದಾದರೆ ಗುರುವಾರ ಬೆಳಿಗ್ಗೆಯೇ ಬಂದು ಸೇರಿ ಎಂದಿದ್ದರು. ಪುಟ್ಟೇನಹಳ್ಳಿಯ ಒಂದು ಶಾಲೆಯಲ್ಲಿ ನನ್ನ ಮೂರನೆಯ ಡೆಮೊ ಅದರ ಹಿಂದಿನ ದಿನ ಬಿತ್ತು. ಇದೂ ತಪ್ಪಿದರೆ ಇನ್ನು ಸೀಮೆಸುಣ್ಣ ಮುಟ್ಟುವುದಿಲ್ಲ ಎಂದು ಗಂಡನಿಗೆ ಹೇಳಿಬಿಟ್ಟಿದ್ದೆ. ಹೇಳಿದ್ದು ಧೈರ್ಯದಿಂದ, ಆದರೆ ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಾಗ ಆ ಆಫೀಸಿನ ಕಟ್ಟಡ ಕಣ್ಣಿಗೆ ಬೀಳದಿರಲೆಂದು ಮುಖ ತಿರುಗಿಸಿದೆ. ನನಗೆ ಪಾಠ ಮಾಡುವುದು ಬಿಟ್ಟರೆ ಬೇರೇನೂ ಬೇಡವಾಗಿತ್ತು.

ಶಾಲೆಯ ಗೇಟಿನಲ್ಲೇ ದೊಡ್ಡ ಬೋರ್ಡು: ಇಲ್ಲಿ ಇಂಗ್ಲಿಷ್ ಮಾತ್ರ. ಒಳಗೆ ಕೋಆರ್ಡಿನೇಟರ್ ಹುಡುಗಿ ಒಂದು ಡಬ್ಬಿ ಚಾಚಿ ಪಾಠದ ವಿಷಯದ ಚೀಟಿ ಎತ್ತಿಸಿದಳು. ನಾನು ಒಂದು ವಾರದಿಂದ ಪದ್ಯ ತಯಾರಿ ಮಾಡಿಕೊಂಡಿದ್ದೆ. ಚೀಟಿಯಲ್ಲಿ ಬಂದದ್ದು ಸಬಾರ್ಡಿನೇಟಿಂಗ್ ಕಂಜಂಕ್ಷನ್ಸ್. ಬಿಕಾಸ್, ವೆನ್, ಇಫ್, ಆಲ್ದೋ ಮೊದಲಾದ ಪದಗಳು ಒಂದು ವಾಕ್ಯದ ಮುಂದೆ ನಿಂತು ಅದನ್ನು ಇನ್ನೊಂದು ವಾಕ್ಯಕ್ಕೆ ಆನಿಸುವ ಬಗೆ. ಪಾಠ ಬಾರದ್ದೇನಲ್ಲ. ಆದರೆ ಮತ್ತಿಕೆರೆಯಲ್ಲಿ ನಾನು ಅದನ್ನು ಪ್ರತಿವರ್ಷ ಕನ್ನಡದ ಕೈ ಹಿಡಿದೇ ದಾಟಿಸುತ್ತಿದ್ದೆ. ಬರೀ ಇಂಗ್ಲಿಷಿನಲ್ಲಿ ಅದನ್ನು ಹೇಳಿ ಅಭ್ಯಾಸವೇ ಇರಲಿಲ್ಲ.

ಬೆಂಚಿನಲ್ಲಿ ಮೂವರು ಕೂತಿದ್ದರು. ಮುಂದೆ ಪ್ರಿನ್ಸಿಪಾಲರು, ಪಕ್ಕದಲ್ಲಿ ಆ ಕೋಆರ್ಡಿನೇಟರ್, ಕೊನೆಯ ಬೆಂಚಿನಲ್ಲಿ ಬಿಳಿ ಅಂಗಿ, ಬಿಳಿ ಪಂಚೆಯ ಭಾರಿ ಆಸಾಮಿ. "ನಮ್ಮ ಚೇರ್ಮನ್ ಸರ್," ಎಂದು ಪ್ರಿನ್ಸಿಪಾಲರು ಪರಿಚಯಿಸಿದರು. ಊರಿನ ಹಳೆಯ ಒಕ್ಕಲು ಮನೆತನದವರು, ಈ ಶಾಲೆ ನಿಂತ ಜಾಗ ಅವರದೇ ರಾಗಿ ಹೊಲವಾಗಿತ್ತು ಎಂದು ಗೇಟಿನ ವಾಚ್‌ಮನ್ ಆಗಲೇ ಹೇಳಿದ್ದ. ಕೊನೆಯ ಮಾತು ಅವರದೇ ಎಂದೂ ಹೇಳಿದ್ದ. ಅದನ್ನು ಹೇಳದಿದ್ದರೆ ಚೆನ್ನಾಗಿತ್ತು.

ಶುರು ಮಾಡಿದೆ. ಬೋರ್ಡಿನ ಮೇಲೆ ಅರ್ಧ ವಾಕ್ಯಗಳನ್ನು ಬರೆದು, ಉಳಿದದ್ದನ್ನು ಪೂರ್ತಿ ಮಾಡಿ ಎಂದೆ. ಪ್ರಿನ್ಸಿಪಾಲರು ಥಟ್ಟನೆ ಮಾಡಿದರು. ಕೋಆರ್ಡಿನೇಟರ್ ತುಂಟ ಮಗುವಾಗಿ ಪಕ್ಕದವರ ಪೆನ್ ಕಸಿದು ಅಳುವ ನಾಟಕ ಆಡಿದಳು. ಅವಳನ್ನೂ ಸಮಾಧಾನ ಮಾಡಿದೆ. ಪರವಾಗಿಲ್ಲ, ನಡೆಯುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಕೊನೆಯ ಬೆಂಚಿನಿಂದ ಕೈ ಎದ್ದಿತು.

"ಮೇಡಂ, ನಂದೊಂದು ಡೌಟು," ಎಂದರು ಚೇರ್ಮನ್ನರು, ಕನ್ನಡದಲ್ಲೇ. "ಇಂಗೆ ವೆನ್ನು ಗಿನ್ನು ಅಂತ ಸುರು ಮಾಡ್ದೆ ಅನ್ನಿ, ಅರ್ಧಕ್ಕೆ ನಿಂತೋಯ್ತದೆ. ಮುಂದಕ್ಕೆ ಏನು ಏಳ್ಬೇಕೋ ಗೊತ್ತಾಗಾಕಿಲ್ಲ. ಯಾಕಂಗೆ?"

ಕೋಆರ್ಡಿನೇಟರ್ ಕಿಸಕ್ಕನೆ ನಕ್ಕಳು. "ಸರ್, ಸೂಪರ್ ಆಕ್ಟಿಂಗ್!"

ಪ್ರಿನ್ಸಿಪಾಲರೂ ನಕ್ಕರು. ದಡ್ಡ ಮಗುವಿನ ಪಾತ್ರ ಯಜಮಾನರು ಎಷ್ಟು ಚೆನ್ನಾಗಿ ಆಡಿದರು ಎಂಬ ನಗು ಅದು. ನಾನೂ ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಚೇರ್ಮನ್ನರ ಮುಖ ಕಂಡಿತು. ಅವರು ನಗುತ್ತಿರಲಿಲ್ಲ. ಎತ್ತಿದ ಕೈಯನ್ನು ನಿಧಾನಕ್ಕೆ ಇಳಿಸಿ ಬೆಂಚಿನ ಕೆಳಗೆ ಇಟ್ಟುಕೊಂಡರು. ಹಾಗೆ ಕೈ ಇಳಿಸುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಒಮ್ಮೆ ಇಳಿದ ಆ ಕೈ ವರ್ಷವಿಡೀ ಮತ್ತೆ ಏಳುವುದಿಲ್ಲ. ಆ ಕೋಣೆಯಲ್ಲಿ ನಾಟಕ ಆಡದೆ ಕೂತಿದ್ದ ವಿದ್ಯಾರ್ಥಿ ಅವರೊಬ್ಬರೇ ಎಂದು ನನಗೆ ಗೊತ್ತಾಯಿತು.

ಅತ್ತ ದರಿ, ಇತ್ತ ಪುಲಿ. ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಪ್ರಿನ್ಸಿಪಾಲರು ಮೆಚ್ಚುತ್ತಾರೆ, ಚೇರ್ಮನ್ನರಿಗೆ ಅರ್ಥವಾಗುವುದಿಲ್ಲ. ಕನ್ನಡದಲ್ಲಿ ಕೊಟ್ಟರೆ ಗೇಟಿನ ಬೋರ್ಡಿಗೆ ಅವಮಾನ. ಅದಕ್ಕಿಂತ ಹೆಚ್ಚಾಗಿ, ಅವರಿಗೆ ನಿಜವಾಗಿಯೂ ಬರುವುದಿಲ್ಲ ಎಂದು ನಾನು ಕಂಡುಕೊಂಡಿದ್ದೇನೆ ಎಂಬುದು ಅವರಿಗೆ ಗೊತ್ತಾಗುತ್ತದೆ. ಸಂಬಳ ಕೊಡುವವರ ಕೊರತೆ ಕಂಡವಳನ್ನು ಯಾರು ಕೆಲಸಕ್ಕಿಟ್ಟುಕೊಳ್ಳುತ್ತಾರೆ? ಇಷ್ಟೆಲ್ಲ ಲೆಕ್ಕ ಹಾಕುತ್ತಿರುವಾಗಲೇ ನನ್ನ ಬಾಯಿ ತನ್ನ ಪಾಡಿಗೆ ಮಾತಾಡಲು ಶುರು ಮಾಡಿತ್ತು. ಅದೂ ಗದಗಿನ ಕನ್ನಡದಲ್ಲಿ.

"ನೋಡ್ರಿ ಸರ, ನಾವು 'ಅಪ್ಪ ಹೊಲಾ ಉಳುವಾಗ' ಅಂತೀವಿ. 'ಆಗ' ಅನ್ನೂದು ಕಡೀಕ ಬರ್ತದ. ಇಂಗ್ಲಿಷಿನ್ಯಾಗ ಅದ 'ಆಗ' ಮೊದ್ಲ ಬಂದು ನಿಂದರ್ತದ, ಎತ್ತಿನ ಮುಂದ ಮೂಗುದಾರ ಇದ್ದಂಗ. ನೀವು ಮೂಗುದಾರ ಹಿಡಕೊಂಡು ಒಂದ ಎತ್ತು ಹೊರಗ ತಂದೀರಿ. ಒಂಟಿ ಎತ್ತಿನಿಂದ ನೇಗಿಲಾ ನಡೀತದೇನ್ರಿ? ಅದರ ಜೋಡಿ ಕೊಟ್ಟಿಗ್ಯಾಗ ಐತಿ. ಅದನ್ನ ತಂದು ಕಟ್ಟೂ ತನಕಾ ಎಲ್ಲಾರೂ ಕಾಯ್ತಾರ, ಅದಕ್ಕ ನಿಂತಂಗ ಅನಸ್ತದ. ಗಾಬರಿ ಆಗಬ್ಯಾಡ್ರಿ. ಎರಡನೇದಕ್ಕ ಮೂಗುದಾರ ಬ್ಯಾಡ. ನೀವು ದಿನಾ ಆಡೂವಂಥ ಸಣ್ಣ ಮಾತು ಸಾಕು."

ಪ್ರಿನ್ಸಿಪಾಲರು ನೆಟ್ಟಗೆ ಕೂತರು. ಚೇರ್ಮನ್ನರು ಕಿಟಕಿಯಾಚೆ, ಈಗ ಬಾಸ್ಕೆಟ್‌ಬಾಲ್ ಅಂಗಳವಾಗಿರುವ ಕಡೆ ನೋಡಿದರು.

"ಉಳಾದಕ್ಕೆ ಏನಂತಾರೆ?"

"ಪ್ಲೌ. ನಿನ್ನೆಯ ಮಾತಾದರ, ಪ್ಲೌಡ್."

"ವೆನ್ ಮೈ ಫಾದರ್..." ಎಂದು ಎದ್ದು ನಿಂತರು. ಬೆಂಚು ಕಿರುಗುಟ್ಟಿತು. "ವೆನ್ ಮೈ ಫಾದರ್ ಪ್ಲೌಡ್ ಹಿಯರ್..."

ಅಲ್ಲಿಗೆ ಅವರ ಫೋನ್ ಹೊಡೆದುಕೊಂಡಿತು. ನೀರಿನ ಟ್ಯಾಂಕರಿನವನು. "ಬಂದೆ ಇರಪ್ಪ," ಎನ್ನುತ್ತ ಪಂಚೆ ಎತ್ತಿ ಹೊರಟೇಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪ್ರಿನ್ಸಿಪಾಲರು ಬೋರ್ಡು ಒರೆಸಲು ಹೇಳಿ, "ತಿಳಿಸ್ತೀವಿ," ಎಂದರು. ನಂತರ ಮೆಲ್ಲಗೆ, "ಗೇಟಲ್ಲಿ ಬೋರ್ಡ್ ನೋಡಿದ್ರಿ ಅಲ್ವಾ?" ಎಂದರು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ಸಂಜೆ ಚಪಾತಿ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ಗಂಡ ತಿಂದು, ಎರಡು ಲೋಟ ನೀರು ಕುಡಿದ. "ಅಷ್ಟು ದೊಡ್ಡ ಮನಷ್ಯಾಗ ಎತ್ತಿನ ಕಥಿ ಯಾಕ ಹೇಳಾಕ ಹೋದಿ?" ಎಂದು ಕೊನೆಗೆ ಕೇಳಿದ. "ಕೇಳಿದ್ರು, ಹೇಳಿದೆ," ಎಂದು ರೇಗಿದೆ. ರೇಗಿದ್ದು ಅವನ ಮೇಲಲ್ಲ. ಆ ಅರ್ಧ ವಾಕ್ಯ ನನ್ನ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಅಪ್ಪ ಇಲ್ಲಿ ಉಳುವಾಗ... ಉಳುವಾಗ ಏನು? ಪಾಠ ಅರ್ಥವಾಯಿತೋ, ಇಲ್ಲ ಅವಮಾನವಾಯಿತೋ? ಎರಡನೆಯ ಎತ್ತನ್ನು ಕೊಟ್ಟಿಗೆಯಲ್ಲೇ ಬಿಟ್ಟು ಹೋದ ಆ ಮನುಷ್ಯನ ಮೇಲೆ ನನಗೆ ಸಿಟ್ಟೂ ಬಂತು.

ಮರುದಿನ ಬೆಳಿಗ್ಗೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಇಳಿದು ಆ ಆಫೀಸಿನ ಕಡೆ ನಡೆಯುತ್ತಿದ್ದಾಗ ಫೋನ್ ಬಂತು. ಪ್ರಿನ್ಸಿಪಾಲರು. ಫ್ಲೈಓವರಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿಸಿಕೊಂಡೆ. "ಚೇರ್ಮನ್ ಸರ್ ತಗೊಳ್ಳಿ ಅಂದಿದ್ದಾರೆ. ನನಗೆ ಒಪ್ಪಿಗೆ ಇರಲಿಲ್ಲ, ಅದು ನಿಮಗೆ ಗೊತ್ತಿರ್ಲಿ. ಒಂದು ಟರ್ಮ್ ನೋಡೋಣ." ಆಫೀಸಿಗೆ ಹೋಗದೆ ಹಿಂತಿರುಗಿದೆ, ಆದರೆ ಖುಷಿಪಡಲು ಹೋದರೆ ಆ 'ನೋಡೋಣ' ಅಡ್ಡ ಬಂತು. ಚೇರ್ಮನ್ನರು ಮೆಚ್ಚಿ ತೆಗೆದುಕೊಂಡರೋ, ನಾನು ಹೊರಗೆ ಬಾಯಿ ಬಿಡದಿರಲಿ ಎಂದು ತೆಗೆದುಕೊಂಡರೋ ಎಂಬ ಹೊಸ ಹುಳು ಅಂದಿನಿಂದ ಕೊರೆಯತೊಡಗಿತು.

ಜೂನ್‌ನಲ್ಲಿ ಶಾಲೆ ಶುರುವಾದ ದಿನ ಅಂಗಳದಲ್ಲಿ ಅಸೆಂಬ್ಲಿ. ಚೇರ್ಮನ್ನರು ಪ್ರತಿವರ್ಷ ಪ್ರಿನ್ಸಿಪಾಲರು ಬರೆದುಕೊಟ್ಟ ಎರಡು ಸಾಲು ಓದಿ ಕೂರುತ್ತಾರೆ ಎಂದು ಪಕ್ಕದಲ್ಲಿ ನಿಂತಿದ್ದ ಹಳೆಯ ಟೀಚರ್ ಪಿಸುಗುಟ್ಟಿದರು. ಅಂದು ಅವರ ಕೈಯಲ್ಲಿ ಕಾಗದವಿರಲಿಲ್ಲ. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು.

"ವೆನ್ ಮೈ ಫಾದರ್ ಪ್ಲೌಡ್ ಹಿಯರ್..."

ನಿಂತರು. ಮಕ್ಕಳು ಕಾಯುತ್ತಿದ್ದರು, ಪೋಷಕರು ಕಾಯುತ್ತಿದ್ದರು. ಕೋಆರ್ಡಿನೇಟರ್ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಿನ್ಸಿಪಾಲರು ತಿರುಗಿ ನೇರವಾಗಿ ನನ್ನನ್ನೇ ನೋಡಿದರು. ಇಷ್ಟು ಜನರ ಮುಂದೆ ಇವರು ನಗೆಪಾಟಲಾದರೆ ನನ್ನ ಟರ್ಮ್ ಇಲ್ಲಿಗೇ ಮುಗಿಯಿತು. ಆದರೆ ಆಣೆ ಮಾಡಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಕೆಲಸದ ಚಿಂತೆ ಇರಲಿಲ್ಲ. ಸಣ್ಣ ಮಾತು ಸಾಕು ಸರ, ಸಣ್ಣ ಮಾತು ಸಾಕು ಎಂದು ಸೆರಗು ಹಿಂಡುತ್ತ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ.

"...ದೇರ್ ವಾಸ್ ನೋ ಸ್ಕೂಲ್," ಎಂದರು.

ಅಷ್ಟೇ. ಅಪ್ಪ ಇಲ್ಲಿ ಉಳುವಾಗ ಶಾಲೆ ಇರಲಿಲ್ಲ. ಕೈ ಮುಗಿದು ಮೈಕು ಬಿಟ್ಟು ಇಳಿದರು. ಮೊದಲು ಹಿಂದೆ ನಿಂತಿದ್ದ ಆಯಾಗಳು ಚಪ್ಪಾಳೆ ತಟ್ಟಿದರು, ಆಮೇಲೆ ಮಕ್ಕಳು. ಕೋಆರ್ಡಿನೇಟರ್ ಬಾಯಿಯಿಂದ ಕೈ ತೆಗೆದು ನೆಲ ನೋಡುತ್ತಿದ್ದಳು. ನನ್ನ ಕಣ್ಣು ತುಂಬಿ ಎದುರಿನ ಸಾಲು ಮಸುಕಾಯಿತು.

ಅವರು ಟೀಚರುಗಳ ಸಾಲಿನ ಮುಂದೆ ಹಾದುಹೋಗುವಾಗ ನನ್ನೆದುರು ನಿಂತರು. ಪಕ್ಕದಲ್ಲೇ ಪ್ರಿನ್ಸಿಪಾಲರಿದ್ದರು.

"ನಿಂತೋಗ್ಲಿಲ್ಲ, ಅಲ್ವಾ ಮೇಡಂ?"

"ಇಲ್ರಿ ಸರ," ಎಂದೆ. "ಜೋಡಿ ಬಂತು."