ಎಡ ಮೊಣಕಾಲಿನ ಸುದ್ದಿ

ಆಟಗಾರನನ್ನು ಕಂಡ ಕೂಡಲೇ ಅವನ ಮುಂದಿನ ಗತಿ ಹೇಳಬಲ್ಲೆ ಎಂಬ ಸೊಕ್ಕು ನನಗೆ ಬಹಳ ವರ್ಷ ಇತ್ತು. ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಕೊರಳಲ್ಲಿ ಸೀಟಿ, ಕಾಲಲ್ಲಿ ಸುಣ್ಣ ಬಳಿದ ಕ್ಯಾನ್ವಾಸ್ ಬೂಟು. ಖೋ-ಖೋ ಆಡುವವನು ಕಂಬ ಸುತ್ತುವಾಗ ಯಾವ ಹೆಗಲು ಇಳಿಸುತ್ತಾನೆ ಎಂದು ಒಂದು ಸಲ ನೋಡಿದರೆ ಸಾಕು, ಇವನು ಜಿಲ್ಲೆಗೆ ಹೋಗುತ್ತಾನೆ, ಇವನು ಊರು ದಾಟುವುದಿಲ್ಲ ಎಂದು ಹೇಳಿಬಿಡುತ್ತಿದ್ದೆ. ಹೆಚ್ಚಿನ ಸಲ ಹೇಳಿದ್ದು ನಿಜವಾಗುತ್ತಿತ್ತು. ಅದರಿಂದಲೇ ನಾನು ಕೆಟ್ಟೆ.

ನಾವು ನಾಲ್ಕು ಜನ ಗೆಳೆಯರು, ನಾಲ್ವರೂ ಡ್ರಿಲ್ ಮಾಸ್ತರರು, ನಾಲ್ಕು ತಾಲೂಕಿನವರು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದೇ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಇಷ್ಟೇ. ಬಾಗೇವಾಡಿಯವರು ವಯಸ್ಸಿನಲ್ಲಿ ಹಿರಿಯರು, ಮನೆಯೊಳಗೆ ಮರಾಠಿ, ಹೊರಗೆ ಕನ್ನಡ, ಅಕ್ಷರ ಅಚ್ಚಿನಂತೆ. ಮುದ್ದೇಬಿಹಾಳದವರು ಮಿತಭಾಷಿ, ಯಾರಿಗೂ ಕೇಡು ಬಯಸದ ಮನುಷ್ಯ. ಸಿಂದಗಿಯವನ ಬಾಯಿಗೆ ಬಾಗಿಲೇ ಇರಲಿಲ್ಲ. ಪಂದ್ಯಗಳಿಗೆ ನಾವೇ ಪಂಚರಾಗಿ ಹೋಗುತ್ತಿದ್ದೆವು, ಬಸ್ ಕಾಯುತ್ತ ಗಂಟೆಗಟ್ಟಲೆ ಯಾರು ದೊಡ್ಡ ಆಟಗಾರ ಎಂದು ಜಗಳಾಡುತ್ತಿದ್ದೆವು. ಆ ಜಗಳದಿಂದಲೇ ನಮ್ಮ ಕಾಗದದ ಆಟ ಹುಟ್ಟಿತು.

ಆಟ ಸರಳವಾಗಿತ್ತು. ನಾಲ್ಕೂ ತಾಲೂಕಿನ ತರುಣ ಸಂಘಗಳಲ್ಲಿ ಖೋ-ಖೋ ಆಡುವವರಿಂದ ನಮ್ಮಲ್ಲಿ ಪ್ರತಿಯೊಬ್ಬರೂ ಒಂಬತ್ತು ಜನರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಬೇಕು. ಸರದಿಯಂತೆ ಒಬ್ಬೊಬ್ಬರನ್ನೇ ಎತ್ತಿಕೊಳ್ಳುವುದು, ಒಬ್ಬರು ಎತ್ತಿಕೊಂಡವನು ಇನ್ನೊಬ್ಬರಿಗಿಲ್ಲ. ಆ ಒಂಬತ್ತು ಜನ ನಿಜವಾಗಿ ಯಾವ ಸಂಘಕ್ಕಾದರೂ ಆಡಲಿ, ಅಂಗಳದಲ್ಲಿ ಔಟಾಗದೆ ಎಷ್ಟು ನಿಮಿಷ ಉಳಿದರೋ ಅಷ್ಟು ಅಂಕ ನಮ್ಮ ಕಾಗದದ ತಂಡಕ್ಕೆ. ಪಂದ್ಯ ನೋಡಿದವನು ನಿಮಿಷಗಳನ್ನು ಉಳಿದ ಮೂವರಿಗೆ ಪೋಸ್ಟ್ ಕಾರ್ಡಿನಲ್ಲಿ ಬರೆಯಬೇಕು. ದೀಪಾವಳಿಯ ಹೊತ್ತಿಗೆ ಯಾರ ಕಾಗದ ಮುಂದಿದೆಯೋ ಅವನು ಗೆದ್ದ. ಆಟಗಾರರಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಬಾಗೇವಾಡಿಯವರು ಒಂದು ನಿಯಮ ಹಾಕಿದ್ದರು. ತನ್ನ ತಾಲೂಕಿನ ಆಟಗಾರನ ಕೈಕಾಲಿಗೆ ಏನಾದರೂ ಆಗಿದ್ದರೆ ಆರಿಸುವ ದಿನಕ್ಕೆ ಮೊದಲೇ ಉಳಿದವರಿಗೆ ತಿಳಿಸಬೇಕು. ಬೇರೆ ತಾಲೂಕಿನವರಿಗೆ ಅದು ತಿಳಿಯುವ ದಾರಿ ಇರಲಿಲ್ಲವಲ್ಲ. ಸುಳ್ಳು ಬರೆದವನು ಆಟದಿಂದ ಹೊರಗೆ. "ಕಾರ್ಡಿನ ಮಾತು ಅಂದ್ರ ಮಾತು. ಅಲ್ಲಿ ಚೇಷ್ಟಿ ಬ್ಯಾಡ," ಎಂದಿದ್ದರು. ಎಷ್ಟೋ ಸಲ ನಾವೇ ಆರಿಸಬೇಕೆಂದಿದ್ದ ಆಟಗಾರನ ಪೆಟ್ಟನ್ನೂ ಪ್ರಾಮಾಣಿಕವಾಗಿ ಬರೆದಿದ್ದೆವು.

ನಾನು ಎರಡು ವರ್ಷ ಸತತವಾಗಿ ಕೊನೆಗೆ ಬಂದೆ. ಸಿಂದಗಿಯವನು ಕಾರ್ಡಿನ ವಿಳಾಸದ ಮೇಲೆಯೇ "ಕೊನೆಯ ನಂಬರಿನ ಮಾಸ್ತರರಿಗೆ" ಎಂದು ಬರೆಯುತ್ತಿದ್ದ. ನಮ್ಮ ಪೋಸ್ಟಮನ್ ಅದನ್ನು ಶಾಲೆಯ ಆಫೀಸಿನಲ್ಲಿ ನಿಂತು ಗಟ್ಟಿಯಾಗಿ ಓದಿ ಕೊಡುತ್ತಿದ್ದ. ಗುಮಾಸ್ತರಿಂದ ಹಿಡಿದು ನೀರು ಹಾಕುವವಳವರೆಗೆ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಹೊಟ್ಟೆಯಲ್ಲಿ ಉರಿಯುತ್ತಿತ್ತು.

ಆಗ ನನ್ನ ಕೈಯಲ್ಲಿ ಒಬ್ಬ ಆಟಗಾರನಿದ್ದ. ಸಾಲೋಟಗಿಯ ದಾರಿಯಲ್ಲಿ ಅವನ ಅಪ್ಪ ಲಿಂಬೆ ತೋಟ ನೋಡಿಕೊಂಡಿದ್ದ. ಈ ಮಗ ನನ್ನ ಶಾಲೆಯಲ್ಲೇ ಓದಿ ಹೊರಬಿದ್ದು ಮೂರು ವರ್ಷವಾಗಿತ್ತು, ಹಗಲು ತೋಟ, ಸಂಜೆ ನಮ್ಮ ಅಂಗಳ. ಲಿಂಬೆಯ ಸಾಲುಗಳ ನಡುವೆ ಹೊತ್ತ ಬುಟ್ಟಿಯೊಂದಿಗೆ ಮುಳ್ಳಿಗೆ ಮೈ ತಾಗಿಸದೆ ನುಸುಳಿ ನುಸುಳಿ ಅವನ ಸೊಂಟಕ್ಕೆ ಎಂಥದೋ ಬಳುಕು ಬಂದಿತ್ತು. ಸಾಲಾಗಿ ಕೂತ ಎಂಟು ಜನರ ನಡುವೆ ಅವನು ಹಾಗೆಯೇ ನುಸುಳುತ್ತಿದ್ದ. ಬೆನ್ನಟ್ಟಿದವನ ಬೆರಳು ಅಂಗಿಯ ತನಕ ಬರುತ್ತಿತ್ತು, ಮೈ ಸಿಗುತ್ತಿರಲಿಲ್ಲ. ಅಂಗಳಕ್ಕೆ ಇಳಿಯುವ ಮುನ್ನ ನೆಲ ಮುಟ್ಟಿ, ಎಡ ಮೊಣಕಾಲನ್ನು ಎರಡು ಸಲ ತಟ್ಟಿಕೊಳ್ಳುವುದು ಅವನ ರೂಢಿ. ಯಾಕೋ ಎಂದು ಕೇಳಿದರೆ, "ಸುಮ್ನರಿ ಸರ, ಮೊದ್ಲಿನಿಂದ ಹಂಗ," ಎನ್ನುತ್ತಿದ್ದ.

ಅವನಿಗೆ ಒಂದೇ ಆಸೆ, ನನ್ನಂತೆ ಡ್ರಿಲ್ ಮಾಸ್ತರನಾಗುವುದು. ತರಬೇತಿಗೆ ಸೇರಬೇಕಾದರೆ ಜಿಲ್ಲಾ ತಂಡದಲ್ಲಿ ಆಡಿದ ಸರ್ಟಿಫಿಕೇಟು ಬೇಕಿತ್ತು, ಅವನ ವಯಸ್ಸಿಗೆ ಅದು ಕೊನೆಯ ವರ್ಷ. "ನಾನೂ ನಿಮ್ಮಂಗ ಸೀಟಿ ಹಾಕ್ಕೊಂಡು ನಿಂದರ್ತೇನ್ರಿ ಸರ," ಎನ್ನುವಾಗ ಅವನ ಕಣ್ಣು ನನ್ನ ಕೊರಳಿನ ಸೀಟಿಯ ಮೇಲೆಯೇ ಇರುತ್ತಿತ್ತು. ಈ ವರ್ಷ ನಿನ್ನನ್ನು ತಡೆಯುವವರು ಯಾರೂ ಇಲ್ಲ ಎಂದು ನಾನೇ ಭವಿಷ್ಯ ನುಡಿದಿದ್ದೆ.

ಆ ವರ್ಷ ಕಾಗದದ ತಂಡ ಆರಿಸಲು ಸಿಂದಗಿಯಲ್ಲಿ ಸೇರುವುದಿತ್ತು. ಆರಿಸುವ ಸರದಿಯ ಚೀಟಿ ಮೊದಲೇ ಎತ್ತಿಯಾಗಿತ್ತು, ನನಗೆ ನಾಲ್ಕನೆಯದು ಬಂದಿತ್ತು. ನನ್ನ ಸರದಿ ಬರುವ ಮುನ್ನ ಲಿಂಬೆ ತೋಟದವನನ್ನು ಯಾರಾದರೂ ಎತ್ತಿಕೊಳ್ಳುವುದು ಖಂಡಿತ. ನಾನು ತಯಾರು ಮಾಡಿದ ಆಟಗಾರ ಸಿಂದಗಿಯವನ ಕಾಗದದಲ್ಲಿ ಅಂಕ ತರುವುದನ್ನು ನೆನೆದರೆ ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಶಾಲೆಯ ಆಫೀಸಿನಲ್ಲಿ ಕೂತು ಮೂವರಿಗೂ ಮೂರು ಕಾರ್ಡು ಬರೆದೆ: ಹುಡುಗನ ಎಡ ಮೊಣಕಾಲು ಒಳಗೊಳಗೇ ಕೆಟ್ಟಿದೆ, ಹೊರಗೆ ಕಾಣುವುದಿಲ್ಲ, ಹೆಚ್ಚು ದಿನ ಆಡಲಾರ. ಎಡ ಮೊಣಕಾಲು ಎಂದು ಯಾಕೆ ಬರೆದೆ? ಅವನು ತಟ್ಟಿಕೊಳ್ಳುವುದನ್ನು ಅವರೂ ನೋಡಿದ್ದರು, ಸುಳ್ಳು ನಂಬಲು ಸುಲಭವಾಗಲಿ ಎಂದು. ಇಷ್ಟು ಬುದ್ಧಿ ಆವತ್ತು ನನಗೆ ಎಲ್ಲಿಂದ ಬಂತೋ, ಆ ಬುದ್ಧಿಗೆ ಬೆಂಕಿ ಹಾಕಬೇಕು.

ಸಿಂದಗಿಯಲ್ಲಿ ನನ್ನ ಎಣಿಕೆಯಂತೆಯೇ ಆಯಿತು. ಮೂವರೂ ಅವನನ್ನು ಬಿಟ್ಟು ಬೇರೆಯವರನ್ನು ಆರಿಸಿದರು. ನಾನು ಅವನ ಹೆಸರು ಹೇಳಿದಾಗ ಸಿಂದಗಿಯವನು ತೊಡೆ ತಟ್ಟಿ ನಕ್ಕ. "ತಗೋ ಮಾರಾಯಾ, ನಿಮ್ಮೂರ ಕುಂಟನ್ನ ನೀನ ಹೊತ್ಕೋ. ಮೂರನೇ ವರ್ಷನೂ ಬಾಲ ನೀನ." ಮುದ್ದೇಬಿಹಾಳದವರು ಮಾತ್ರ ನಗಲಿಲ್ಲ. "ಪಾಪ, ಛಲೋ ಹುಡುಗ. ಅಂವಗ ಕಾಲ ತೋರಸಾಕ ಹೇಳ್ರಿ," ಎಂದರು. ನಾನು ಹೂಂ ಎಂದು ತಲೆಯಾಡಿಸಿ, ಕಾಗದದ ಮೇಲೆ ಅವನ ಹೆಸರನ್ನು ದಪ್ಪಗೆ ಬರೆದುಕೊಂಡೆ.

ತಿಂಗಳೊಪ್ಪತ್ತಿನಲ್ಲಿ ಜಿಲ್ಲಾ ತಂಡದ ಆಯ್ಕೆ ಬಂತು. ಬಾಗೇವಾಡಿಯ ಹೈಸ್ಕೂಲಿನ ಅಂಗಳ, ರವಿವಾರ ಬೆಳಿಗ್ಗೆ. ನಾನೇ ಅವನನ್ನು ಇಂಡಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನು ಒಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅದರಲ್ಲಿ ತೊಳೆದು ಮಡಿಚಿದ ಅಂಗಿ, ಆಯ್ಕೆ ಮಾಡುವ ಮಾಸ್ತರರಿಗೆ ಕೊಡಲೆಂದು ಹತ್ತಾರು ಲಿಂಬೆಹಣ್ಣು. ಅಂಗಳಕ್ಕೆ ಹೋದ ಮೇಲೆ ನೋಡಿದರೆ ಆಯ್ಕೆ ಮಾಡುವವರ ಮೇಜಿನ ಹಿಂದೆ ಮುದ್ದೇಬಿಹಾಳದವರು ಕೂತಿದ್ದಾರೆ. ಆ ವರ್ಷ ಅವರನ್ನು ಕರೆದದ್ದು ನನಗೆ ಗೊತ್ತಿರಲಿಲ್ಲ.

ಆಟ ಶುರುವಾಗುವ ಮುನ್ನ ಅವರು ನನ್ನನ್ನು ಹತ್ತಿರ ಕರೆದರು. ಬಾಗೇವಾಡಿಯವರೂ ಸಿಂದಗಿಯವನೂ ಅಲ್ಲೇ ನಿಂತಿದ್ದರು.

"ಹುಡುಗನ ಮಣಕಾಲ ಹೆಂಗೈತ್ರಿ ಈಗ?"

ಏನೂ ಆಗಿಲ್ಲ, ಅದು ಸುಳ್ಳು ಎನ್ನಬಹುದಿತ್ತು. ಒಂದೇ ಮಾತು. ಆದರೆ ಬಾಗೇವಾಡಿಯವರ ಮುಖ ನೋಡಿದೆ. ಕಾರ್ಡಿನ ಮಾತು ಅಂದರೆ ಮಾತು. ಸಿಂದಗಿಯವನು ಇದನ್ನು ನಾಲ್ಕು ತಾಲೂಕಿನಲ್ಲಿ ಡಂಗುರ ಸಾರುತ್ತಾನೆ. ಅದೂ ಅಲ್ಲದೆ ನನ್ನ ಕಾಗದ ಆಗ ಎಲ್ಲರಿಗಿಂತ ಮುಂದಿತ್ತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಅದೂ ಇತ್ತು.

"ಅಡ್ಡಿಯಿಲ್ಲರಿ. ಆಡಾಕತ್ತಾನ. ನೀವ ನೋಡ್ರಿ," ಎಂದೆ.

ಅವನ ಆಟವೇ ನನ್ನ ಸುಳ್ಳನ್ನು ತೊಳೆದುಬಿಡುತ್ತದೆ, ನಾನು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಅವನು ಆಡಿದ್ದೂ ಹಾಗೆಯೇ. ಜೊತೆಗೆ ಇಳಿದ ಇಬ್ಬರೂ ಔಟಾಗಿ ಹೋದ ಮೇಲೂ ಅವನು ಉಳಿದೇ ಇದ್ದ. ನೋಡುತ್ತಿದ್ದವರು ಸೀಟಿ ಹೊಡೆಯುತ್ತಿದ್ದರು. ಆದರೆ ಎರಡನೆಯ ಸಲ ಇಳಿಯುವ ಮುನ್ನ ಅವನು ನೆಲ ಮುಟ್ಟಿ, ರೂಢಿಯಂತೆ ಎಡ ಮೊಣಕಾಲನ್ನು ಎರಡು ಸಲ ತಟ್ಟಿಕೊಂಡ. ಮೇಜಿನ ಹಿಂದೆ ಮುದ್ದೇಬಿಹಾಳದವರು ಪಕ್ಕದವರ ಕಡೆ ಬಾಗಿ ಏನೋ ಹೇಳಿದರು. ಪಕ್ಕದವರು ಪೆನ್ನು ತೆಗೆದು ಒಂದು ಹೆಸರಿನ ಮೇಲೆ ಗೆರೆ ಎಳೆದರು.

ಪಟ್ಟಿ ಓದಿದಾಗ ಅವನ ಹೆಸರಿರಲಿಲ್ಲ. ಮುದ್ದೇಬಿಹಾಳದವರು ನನ್ನ ಹೆಗಲ ಮೇಲೆ ಕೈ ಇಟ್ಟರು. "ಆಟ ಭಾಳ ಛಲೋ ಐತಿ. ಆದ್ರ ನೀವ ಬರದದ್ದು ನೆನಪಿತ್ತು ನೋಡ್ರಿ. ರಾಜ್ಯಮಟ್ಟದ ಆಟಕ್ಕ ದಿನಾ ಪಂದ್ಯ ಇರ್ತಾವ, ಪೂರಾ ಕಾಲ ಕಳಕೊಂಡ್ರ ಹುಡುಗನ ಜಲ್ಮ ಹಾಳಾಕ್ಕೈತಿ." ಅವರು ಅವನನ್ನು ಉಳಿಸಿದೆನೆಂದು ತಿಳಿದಿದ್ದರು. ಆಗಲೂ ನಾನು ನಿಜ ಹೇಳಲಿಲ್ಲ.

ಊರಿಗೆ ಬಂದ ಮೇಲೆ ಎಲ್ಲವನ್ನೂ ಒಪ್ಪಿಕೊಂಡು ಮುದ್ದೇಬಿಹಾಳದವರಿಗೆ ಒಂದು ಕಾರ್ಡು ಬರೆದೆ. ಪೋಸ್ಟಮನ್ ಓದುತ್ತಾನೆಂದು ಹರಿದುಹಾಕಿದೆ. ಪೋಸ್ಟಿನಲ್ಲಿ ಲಕೋಟೆ ಸಿಗುತ್ತದೆ ಎಂಬುದು ನನಗೇನು ಗೊತ್ತಿರಲಿಲ್ಲವೇ? ತಂಡ ರಾಜ್ಯಮಟ್ಟಕ್ಕೆ ಹೊರಡಲು ಇನ್ನೂ ಹನ್ನೆರಡು ದಿನ ಇತ್ತು. ಆ ಹನ್ನೆರಡು ದಿನವೂ ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎಂದು ಕಳೆದೆ.

ಅಷ್ಟರೊಳಗೆ ಒಂದು ಮಧ್ಯಾಹ್ನ ಅವನೇ ಮನೆಗೆ ಬಂದ. ನಾನು ಕಟ್ಟೆಯ ಮೇಲೆ ವಾಲಿಬಾಲ್ ಜಾಳಿಗೆ ಗಂಟು ಹಾಕುತ್ತಿದ್ದೆ. ಅವನು ಮೇಲಿನ ಮೆಟ್ಟಿಲ ಮೇಲೆ ಕೂತು, ಎಡಗಾಲನ್ನು ಚಾಚಿದ, ಮಡಚಿದ, ಮತ್ತೆ ಚಾಚಿದ.

"ಸರ, ನನ್ನ ಮಣಕಾಲಿಗೆ ಏನಾಗೈತ್ರಿ?"

ನಾನು ಗಂಟು ಬಿಗಿಯುತ್ತಲೇ ಇದ್ದೆ.

"ಮುದ್ದೇಬಿಹಾಳ ಸರ ಹೇಳಿದ್ರು. ನಿಮಗ ಮೊದಲ ಗೊತ್ತಿತ್ತಂತ. ನನಗ ಒಂದೀಟೂ ನೋವಿಲ್ರಿ. ಆದ್ರ ನೀವ ಅಂದ್ರಂದ್ರ ಇರ್ಬೇಕು. ನಿಮ್ಮ ಕಣ್ಣಿಗೆ ಕಾಣದ್ದು ಯಾವುದೈತಿ?"

ಅವನು ಸಿಟ್ಟಾಗಿದ್ದರೆ, ಬೈದಿದ್ದರೆ, ನಾನು ನಿಜ ಹೇಳುತ್ತಿದ್ದೆನೋ ಏನೋ. ಅವನು ನಂಬಿದ್ದ. ತನ್ನ ಕಾಲಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದ. ಆ ನಂಬಿಕೆಯ ಮುಂದೆ ನಾನು ಹೇಡಿಯಾದೆ.

"ಸ್ವಲ್ಪ ಜ್ವಾಕಿ ಮಾಡು. ಭಾಳ ತ್ರಾಸ ಕೊಡಬ್ಯಾಡ," ಎಂದೆ.

"ಹೂಂರಿ," ಎಂದು ಎದ್ದು ಹೋದ. ಮೆಟ್ಟಿಲು ಇಳಿಯುವಾಗ ಎಡಗಾಲನ್ನು ಮೆಲ್ಲಗೆ ಊರಿದ. ಅದುವರೆಗೂ ಅವನು ಮೆಟ್ಟಿಲುಗಳನ್ನು ಜಿಗಿದೇ ಇಳಿಯುತ್ತಿದ್ದವನು.

ಅವನ ತಾಯಿ ದಿನಾ ಎಕ್ಕೆಯ ಎಲೆ ಬಿಸಿ ಮಾಡಿ ಆ ಮೊಣಕಾಲಿಗೆ ಕಟ್ಟತೊಡಗಿದಳು. ಸಂಜೆ ಅಂಗಳಕ್ಕೆ ಬಂದಾಗ ಅವನ ಕಾಲಲ್ಲಿ ಬಟ್ಟೆಯ ಪಟ್ಟಿ. ಎಡಕ್ಕೆ ಹೊರಳಬೇಕಾದ ಕಡೆ ಅರೆಗಳಿಗೆ ತಡೆಯುತ್ತಿದ್ದ, ಅಷ್ಟರಲ್ಲಿ ಬೆನ್ನಟ್ಟಿದವನ ಕೈ ಮೈಗೆ ಬಿದ್ದಿರುತ್ತಿತ್ತು. ಮೊದಲಿಗೆ ತಿಂಗಳಿಗೆ ಒಂದೆರಡು ಸಲ ಸಿಕ್ಕ, ಆಮೇಲೆ ಎಲ್ಲರಿಗೂ ಸಿಗತೊಡಗಿದ. ಏನೂ ಆಗದ ಕಾಲು ನನ್ನ ಕಣ್ಣೆದುರೇ ಕೆಟ್ಟಿತು. ಮರುವರ್ಷ ಅವನು ಅಂಗಳಕ್ಕೆ ಬರುವುದನ್ನೇ ಬಿಟ್ಟ. ತರಬೇತಿಯ ವಯಸ್ಸೂ ಮುಗಿದಿತ್ತು.

ಅವನ ಕಾಲು ಪೂರಾ ತಡೆಯುವ ಮುನ್ನ ಗಳಿಸಿದ್ದ ನಿಮಿಷಗಳ ಬಲದಿಂದ ಆ ದೀಪಾವಳಿಗೆ ಕಾಗದದ ಆಟ ನಾನೇ ಗೆದ್ದೆ. ಸಿಂದಗಿಯವನು ಕಾರ್ಡಿನ ಮೇಲೆ "ಒಂದನೇ ನಂಬರಿನ ಮಾಸ್ತರರಿಗೆ" ಎಂದು ಬರೆದ. ಪೋಸ್ಟಮನ್ ಅದನ್ನೂ ಗಟ್ಟಿಯಾಗಿ ಓದಿದ. ಬಾಗೇವಾಡಿಯವರು ಬೇರೆ ಕಾರ್ಡಿನಲ್ಲಿ, ಪೆಟ್ಟಾದ ಆಟಗಾರನನ್ನೂ ಕೈಬಿಡದೆ ಆರಿಸಿದ ನಿಮ್ಮ ಮನಸ್ಸು ದೊಡ್ಡದು ಎಂದು ಬರೆದಿದ್ದರು. ಅದನ್ನು ಓದಿದ ಮೇಲೆ ನಾನು ಕಾಗದದ ಆಟ ಬಿಟ್ಟೆ. ಕಾರಣ ಯಾರೂ ಕೇಳಲಿಲ್ಲ, ಗೆದ್ದ ಮೇಲೆ ಬಿಡುವುದು ಜಾಣತನ ಎಂದುಕೊಂಡಿರಬೇಕು.

ದಶಕ ಮುಗಿಯುವ ಹೊತ್ತಿಗೆ ಒಂದು ಸಂತೆಯ ದಿನ ಇಂಡಿಯ ಲಿಂಬೆ ಅಡತಿ ಅಂಗಡಿಯ ಮುಂದೆ ಅವನು ಸಿಕ್ಕ. ಲಾರಿಗೆ ಬುಟ್ಟಿ ಏರಿಸುತ್ತಿದ್ದ. ಮೈ ತುಂಬಿಕೊಂಡಿತ್ತು. ಬುಟ್ಟಿ ಎತ್ತುವ ಮುನ್ನ ಎಡ ಮೊಣಕಾಲನ್ನು ಅಂಗೈಯಿಂದ ಒತ್ತಿ ಹಿಡಿದು, ನಿಧಾನಕ್ಕೆ ಏಳುತ್ತಿದ್ದ. ನನ್ನನ್ನು ಕಂಡು ಓಡಿ ಬರಲು ಹೋಗಿ, ನೆನಪಾದವನಂತೆ ನಡೆದು ಬಂದ. ಜೊತೆಗಿದ್ದವರನ್ನು ಕರೆದು ನನ್ನನ್ನು ತೋರಿಸಿದ.

"ಇವ್ರ ನೋಡ್ರಿ ನಮ್ಮ ಸರ. ನನಗ ಗೊತ್ತಿಲ್ಲದ ಹೊತ್ನ್ಯಾಗ ಇವ್ರು ನೋಡಿ ಹೇಳಿದ್ದಕ್ಕ ಕಾಲ ಉಳೀತು. ಇಲ್ಲಂದ್ರ ಇವತ್ತ ಕೋಲ ಹಿಡಿತಿದ್ದೆ."

ಅವರೆಲ್ಲ ನನಗೆ ಕೈ ಮುಗಿದರು. ಅವನು ಬುಟ್ಟಿಯಿಂದ ಒಳ್ಳೆಯ ಹಣ್ಣುಗಳನ್ನೇ ಆರಿಸಿ ನನ್ನ ಚೀಲದ ತುಂಬ ಹಾಕಿದ. ಸಾಕು ಎಂದರೂ ಕೇಳಲಿಲ್ಲ. ಎಲ್ಲರೆದುರಿಗೆ ಆ ಚೀಲವನ್ನು ಹಿಡಿದು ನಿಂತು, ಈಗಲಾದರೂ ಹೇಳು ಎಂದು ನನಗೆ ನಾನೇ ಅಂದುಕೊಂಡೆ. ಬಾಯಿ ತೆರೆದೆ. "ಜ್ವಾಕಿಲೇ ಎತ್ತಪಾ," ಎಂಬ ಮಾತು ಬಂತು. ಮನೆಯಲ್ಲಿ ಇಷ್ಟು ಲಿಂಬೆ ಎಲ್ಲಿಂದ ಎಂದು ಕೇಳಿದಾಗ, ಸಂತೆಯಲ್ಲಿ ಕೊಂಡೆ ಎಂದೆ.