ಹುಣಸೆಮರದ ಬೆನ್ನು

ಸ್ವಲ್ಪ ಇರಿ. ಕೈಯಲ್ಲಿ ಕತ್ತರಿ ಇದ್ದರೆ ಕೆಳಗಿಡಿ, ತಂತಿಯ ಸುರುಳಿ ಇದ್ದರಂತೂ ಇನ್ನೂ ದೂರ ಇಡಿ. ನಾನು ಹೇಳಹೊರಟಿರುವ ಮನುಷ್ಯ ನನಗೆ ಇಷ್ಟವಾದವರಲ್ಲ. ಈಗಲೂ ಅಲ್ಲ. ಆದರೂ ಅವರ ಹುಣಸೆಮರದ ಬೆನ್ನಿನಲ್ಲಿ ಏನಿತ್ತು ಅನ್ನುವುದು ತಿಳಿಯುವವರೆಗೆ ಕಾದು, ಆಮೇಲೆ ನಿಮ್ಮ ಕುಂಡದ ಕಡೆ ಹೋಗಿ.

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಜಡ್ಡು ಇತ್ತು. ಹುಣಸೆಬೀಜದಷ್ಟು ದಪ್ಪ, ಅಷ್ಟೇ ಕಂದು, ಅಷ್ಟೇ ಹೊಳಪು. ವರ್ಷಾನುಗಟ್ಟಲೆ ದ್ರಾಕ್ಷಿ ಬಳ್ಳಿ ಸವರಿದ ಕತ್ತರಿಯ ಹಿಡಿ ಒತ್ತಿ ಒತ್ತಿ ಆದದ್ದು. ಯಾರದಾದರೂ ಮರ ನೋಡುವಾಗ ಆ ಜಡ್ಡನ್ನು ಎಡಗೈಯ ಉಗುರಿನಿಂದ ಕೆರೆಯುತ್ತಾ ನಿಲ್ಲುವರು. ಕೆರೆಯುವುದು ನಿಂತಿತು ಅಂದರೆ ಬೈಗುಳ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ನಾವೆಲ್ಲ ಅವರನ್ನು ತೋಟದವರು ಅನ್ನುತ್ತಿದ್ದೆವು. ಯಲಹಂಕದಿಂದ ಆಚೆ ಅವರ ದ್ರಾಕ್ಷಿ ತೋಟ, ತೋಟದ ಮೂಲೆಯಲ್ಲಿ ಹಣ್ಣು ತುಂಬುವ ತಗಡಿನ ಶೆಡ್ಡು. ತಿಂಗಳ ಮೊದಲ ಭಾನುವಾರ ನಮ್ಮ ಬೋನ್ಸಾಯ್ ಸಂಘದ ಕಾರ್ಯಾಗಾರ ಅಲ್ಲೇ. ಸಂಘ ನಡೆಸುತ್ತಿದ್ದವರು ಆರ್.ಟಿ. ನಗರದ ಒಬ್ಬ ನಿವೃತ್ತ ಟೀಚರ್. ಮನೆಯಲ್ಲಿ ದಖ್ಖನಿ, ನಮ್ಮ ಜೊತೆ ಕನ್ನಡ, ಗಿಡದ ಜೊತೆ ಎರಡೂ. ಒಮ್ಮೆ ಹಣ್ಣು ತರಲು ಹೋದವರು ಆ ಶೆಡ್ಡಿನ ಗೋಡೆಯ ಪಕ್ಕ ಕಲ್ಲಿನ ಮರಿಗೆಯಲ್ಲಿ ಒಂದು ಮೊಳ ಎತ್ತರದ ಹುಣಸೆಮರ ಕಂಡು, ಅಲ್ಲಿಯೇ ಕೂತುಬಿಟ್ಟರಂತೆ. ಬೋನ್ಸಾಯ್ ಅನ್ನುವ ಹೆಸರೇ ಗೊತ್ತಿಲ್ಲದ ಮನುಷ್ಯ, ದನ ನೀರು ಕುಡಿಯುವ ಮರಿಗೆಯಲ್ಲಿ ಇಪ್ಪತ್ತು ವರ್ಷದಿಂದ ಅದನ್ನು ಸಾಕಿದ್ದರು. ಟೀಚರ್ ಅವರನ್ನು ಸಂಘಕ್ಕೆ ಕರೆದರು, ಅವರು ಸಂಘವನ್ನೇ ಶೆಡ್ಡಿಗೆ ಕರೆಸಿಕೊಂಡರು. ಜಾಗ ಅವರದು. ಹಾಗಾಗಿ ಅವರ ಬಾಯಿಗೆ ಯಾರೂ ಅಡ್ಡ ಬರುತ್ತಿರಲಿಲ್ಲ.

ಆ ಹುಣಸೆಗೆ ಸಂಬಂಧಿಸಿದ ಒಂದು ಕಟ್ಟಳೆ ಹೇಳಿಬಿಡುತ್ತೇನೆ. ಕುಂಡದ ಮರಕ್ಕೆ ನೋಡುವವರ ಕಡೆಗೆ ಇಡುವ ಒಂದು ಮುಖ ಇರುತ್ತದೆ, ಒಂದು ಬೆನ್ನು ಇರುತ್ತದೆ. ಕಾರ್ಯಾಗಾರದಲ್ಲಿ ನಾವು ಮಾಡುವ ಮೊದಲ ಕೆಲಸವೇ ಒಬ್ಬರ ಕುಂಡವನ್ನು ಇನ್ನೊಬ್ಬರು ತಿರುಗಿಸಿ ತಿರುಗಿಸಿ ಮುಖ ಯಾವುದು ಎಂದು ಜಗಳವಾಡುವುದು. ಅವರ ಹುಣಸೆಯನ್ನು ಮಾತ್ರ ತಿರುಗಿಸುವ ಹಾಗಿರಲಿಲ್ಲ. ಒಬ್ಬರು ಗೊತ್ತಿಲ್ಲದೆ ಮರಿಗೆಗೆ ಕೈ ಹಾಕಿದಾಗ ತೋಟದವರು ಅವರ ಮಣಿಕಟ್ಟಿನ ಮೇಲೆ ಕತ್ತರಿಯ ಹಿಡಿಯಿಂದ ಹೊಡೆದಿದ್ದರು. ತಮಾಷೆಗಲ್ಲ, ಬಾಸುಂಡೆ ಬಂದಿತ್ತು. ಬಿಸಿಲು ಒಂದೇ ಕಡೆ ಬೀಳಬೇಕು, ಅದಕ್ಕೆ ಹಾಗೆ ಎಂದು ನಾವು ನಾವೇ ಕಾರಣ ಕಟ್ಟಿಕೊಂಡೆವು.

ನಾನು ಆ ಶೆಡ್ಡಿಗೆ ಹೋದಾಗ ನನಗೆ ಇಪ್ಪತ್ತೊಂದು. ಯಶವಂತಪುರದಲ್ಲಿ ಒಂದು ಚಿಕ್ಕ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕಾಯಿಲ್ ಸುತ್ತುವ ಕೆಲಸ. ಆ ಅಂಗಡಿಯ ಹಿಂಗೋಡೆಯ ಬಿರುಕಿನಿಂದ ಒಂದು ಆಲದ ಸಸಿ ಕಿತ್ತು, ಒಡೆದ ಬೇಸಿನ್ನಿನಲ್ಲಿ ನೆಟ್ಟು, ಹಳೆಯ ಪತ್ರಿಕೆಯೊಂದರಲ್ಲಿ ಸಿಕ್ಕಿದ ಎರಡೇ ಎರಡು ಚಿತ್ರ ನೋಡಿಕೊಂಡು ನಾಲ್ಕು ವರ್ಷ ಬೆಳೆಸಿದ್ದೆ. ಕಲಿಸಿದವರು ಯಾರೂ ಇಲ್ಲ. ಚಿತ್ರದಲ್ಲಿ ಮರಕ್ಕೆ ತಂತಿ ಸುತ್ತಿರುವುದು ಕಂಡದ್ದೇ ತಡ, ಇದಂತೂ ನನಗೆ ಬರುವ ವಿದ್ಯೆ ಅಂದುಕೊಂಡೆ. ಅಂಗಡಿಯಲ್ಲಿ ಉಳಿದ ತಾಮ್ರದ ತಂತಿ ತಂದು, ಬುಡದ ಒಂದು ಗೇಣು ಬಿಟ್ಟು ತುದಿಯವರೆಗೆ ಸುತ್ತಿದೆ. ಸುತ್ತಿನ ಪಕ್ಕ ಸುತ್ತು, ನಡುವೆ ಕೂದಲು ತೂರದ ಹಾಗೆ, ಮೋಟಾರಿನ ಕಾಯಿಲ್ ಸುತ್ತುವ ಹಾಗೆಯೇ. ಬಿಸಿಲಿಗೆ ಹಿಡಿದರೆ ಮರ ಒಡವೆಯಂತೆ ಹೊಳೆಯುತ್ತಿತ್ತು.

ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್, “ಏನಮ್ಮಾ, ಮಡ್ಲು ತುಂಬುಸ್ಕೊಂಡ್ ಎಲ್ಗೆ ಹೊರಟ್ರಿ?” ಎಂದು ನಕ್ಕ. ನಾನೂ ನಕ್ಕೆ. ಆ ದಿನ ನಾನು ನಕ್ಕಿದ್ದು ಅಷ್ಟೇ.

ಶೆಡ್ಡಿನಲ್ಲಿ ಉದ್ದನೆಯ ಹಲಗೆ ಮೇಜು. ಸುತ್ತ ಹತ್ತು ಹನ್ನೊಂದು ಜನ, ಇಟ್ಟಿಗೆ ಚೂರಿನ ರಾಶಿ, ಒಣಗಿದ ಸಗಣಿಗೊಬ್ಬರದ ವಾಸನೆ. ನನ್ನ ಮರ ಮೇಜಿಗೆ ಬಂದ ಕೂಡಲೇ ಎಲ್ಲರೂ ತಂತಿಯ ನೀಟು ನೋಡಿ ಹೊಗಳಿದರು. ತೋಟದವರು ಬಂದು ನಿಂತು ಜಡ್ಡು ಕೆರೆದರು. ನಿಲ್ಲಿಸಿದರು.

“ಇದೇನು, ಮರವಾ ಮೋಟ್ರಾ? ಸ್ವಿಚ್ ಎಲ್ಲೈತೆ?”

ಎಲ್ಲರೂ ನಕ್ಕರು. ಅಂದಿನಿಂದ ನಾನು ಮೋಟ್ರಮ್ಮ. ನನ್ನ ಹೆಸರು ಅವರು ಒಮ್ಮೆಯೂ ಕೇಳಲಿಲ್ಲ.

ಸಂಘದಲ್ಲಿ ಒಂದು ಪದ್ಧತಿ ಇತ್ತು. ವರ್ಷದ ಪ್ರದರ್ಶನದಲ್ಲಿ ತಾನೇ ಬೆಳೆಸಿದ ಒಂದು ಮರ ಇಟ್ಟವರು ಮಾತ್ರ ಸದಸ್ಯರು. ಅಲ್ಲಿಯವರೆಗೆ ಎಷ್ಟು ಭಾನುವಾರ ಬಂದರೂ ‘ನೋಡಲು ಬಂದವರು’. ಹಾಜರಿ ಪುಸ್ತಕದಲ್ಲಿ ಹಾಗೆಯೇ ಬರೆಯುತ್ತಿದ್ದರು. ನನಗೆ ಆ ಆಲವನ್ನು ಪ್ರದರ್ಶನದ ಮೇಜಿನ ಮೇಲೆ ನೋಡಬೇಕಿತ್ತು. ಪುಸ್ತಕದಲ್ಲಿ ನನ್ನ ಹೆಸರು ಬೀಳಬೇಕಿತ್ತು. ಇದನ್ನು ಬಿಟ್ಟು ಆ ವರ್ಷ ನನಗೆ ಬೇರೆ ಆಸೆಯೇ ಇರಲಿಲ್ಲ.

ಯುಗಾದಿ ಕಳೆಯಿತು, ಮಳೆ ಶುರುವಾಯಿತು. ಪ್ರತಿ ಭಾನುವಾರ ಅವರದು ಒಂದೇ ಮಾತು: “ಮೋಟ್ರಮ್ಮ, ಬಿಚ್ಚು.” ಯಾಕೆ ಎಂದು ಕೇಳಿದೆ. “ಬಿಚ್ಚು ಅಂದ್ರೆ ಬಿಚ್ಚು.” ಕಾರಣ ಹೇಳಿ ಎಂದೆ. ಅವರು ತಿರುಗಿ ಟೀಚರ್‌ಗೆ, ಈಗಿನ ಹುಡುಗಿಯರಿಗೆ ಕಾರಣ ಬೇಕಂತೆ, ಬಳ್ಳಿ ಸವರುವಾಗ ನಮ್ಮಪ್ಪ ನನಗೆ ಕಾರಣ ಹೇಳಿದ್ದು ಬೆನ್ನಿನ ಮೇಲೆ ಎಂದರು. ನನಗೆ ಖಾತ್ರಿಯಾಯಿತು, ಇದು ಹೊಟ್ಟೆಕಿಚ್ಚು. ತಂತಿಯ ಕೆಲಸ ಅವರಿಗೆ ಬರುವುದಿಲ್ಲ. ಕತ್ತರಿಸುವುದು, ಚಿಗುರುವವರೆಗೆ ಕಾಯುವುದು, ಮತ್ತೆ ಕತ್ತರಿಸುವುದು, ಇಷ್ಟೇ ಅವರ ವಿದ್ಯೆ. ನಾನು ಬಿಚ್ಚಲಿಲ್ಲ. ಹಟಕ್ಕೆ ಇನ್ನೆರಡು ಕೊಂಬೆಗೆ ಸುತ್ತಿದೆ.

ಗಣೇಶನ ಹಬ್ಬದ ಹಿಂದಿನ ಭಾನುವಾರ. ಪ್ರದರ್ಶನಕ್ಕೆ ಎರಡು ತಿಂಗಳು ಇತ್ತು. ನಾನು ಬಕೆಟ್ಟಿಗೆ ನೀರು ತುಂಬಲು ಬೋರಿನ ಹತ್ತಿರ ಹೋಗಿದ್ದೆ. ವಾಪಸು ಬಂದೆ. ಮೇಜಿನ ಮೇಲೆ ನನ್ನ ಬೇಸಿನ್ನಿತ್ತು. ಅದರಲ್ಲಿ ಒಂದು ಗೇಣು ಬೊಡ್ಡೆ, ಅದಕ್ಕೆ ಒಂದೇ ಒಂದು ಕೊಂಬೆ. ಮೇಲಿನ ಮುಕ್ಕಾಲು ಮರ ತಾಮ್ರದ ಸಮೇತ ನೆಲದ ಮೇಲೆ ಬಿದ್ದಿತ್ತು. ಕಡಿದ ಜಾಗದಿಂದ ಬಿಳಿ ಹಾಲು ಸುರಿಯುತ್ತಿತ್ತು. ತೋಟದವರು ಕತ್ತರಿಯ ಬಾಯನ್ನು ಪಂಚೆಯ ಅಂಚಿಗೆ ಒರೆಸುತ್ತಿದ್ದರು.

ನನ್ನ ಮರ ಮುಟ್ಟಲು ನೀವು ಯಾರು ಎಂದು ಕೇಳಿದೆ. ಒಬ್ಬರ ಮರಕ್ಕೆ ಇನ್ನೊಬ್ಬರು ಕತ್ತರಿ ಹಾಕುವ ಮೊದಲು ಕೇಳಬೇಕು, ಇದು ಸಂಘದ ನಿಯಮ.

“ನನ್ ಶೆಡ್ನಾಗೆ ಐತೆ,” ಎಂದರು. “ಆರ್ ತಿಂಗ್ಳಿಂದ ಏಳ್ತಾ ಇವ್ನಿ. ಇಂಗೆ ಸುತ್ತುದ್ರೆ ಉಸ್ರು ಕಟ್ಟೋಯ್ತದೆ. ಈಗ ಬದುಕ್ತದೆ ಬುಡು.”

“ನೀವ್ ಸತ್ರೂ ನಾನ್ ಇದನ್ನ ಮರೆಯಲ್ಲ, ಯಜಮಾನ್ರೇ,” ಎಂದೆ. ಟೀಚರ್ ನನ್ನ ಭುಜದ ಮೇಲೆ ಕೈಯಿಟ್ಟರು. ಅವರ ಕೈ ಸರಿಸಿ, ನೆಲದ ಮೇಲಿದ್ದ ತುಂಡನ್ನೂ ಬೇಸಿನ್ನನ್ನೂ ಎತ್ತಿಕೊಂಡು ಹೊರಗೆ ಬಂದೆ.

ಮಾರನೆಯ ದಿನ ಅಂಗಡಿಯಲ್ಲಿ ತುಂಡಿನ ತಂತಿ ಬಿಡಿಸಲು ಕೂತೆ. ಬಿಡಿಸಲು ಬರಲಿಲ್ಲ. ಮಳೆಗೆ ಕಾಂಡ ದಪ್ಪವಾಗಿ ತಂತಿ ಸಿಪ್ಪೆಯೊಳಗೆ ಮುಳುಗಿಹೋಗಿತ್ತು. ಎಳೆದರೆ ಸಿಪ್ಪೆಯೂ ಜೊತೆಗೆ ಕಿತ್ತು ಬಂತು. ಕೆಳಗೆ ಸ್ಕ್ರೂವಿನ ಹಲ್ಲಿನ ಹಾಗೆ ಸುತ್ತು ಸುತ್ತಾಗಿ ಆಳವಾದ ಕಚ್ಚು. ಮೋಟಾರಿನ ಕಬ್ಬಿಣ ಬೆಳೆಯುವುದಿಲ್ಲ, ಮರ ಬೆಳೆಯುತ್ತದೆ. ಇಷ್ಟು ಚಿಕ್ಕ ವಿಷಯ ನನಗೆ ಹೊಳೆದಿರಲಿಲ್ಲ. ತಪ್ಪು ನನ್ನದೇ, ಒಪ್ಪಿದೆ. ಆದರೆ ಅದನ್ನು ಹೇಳಲು ಅವರಿಗೆ ಆರು ತಿಂಗಳಿತ್ತು, ಒಂದು ವಾಕ್ಯ ಸಾಕಿತ್ತು.

ಆ ವರ್ಷ ಪ್ರದರ್ಶನದಲ್ಲಿ ನನ್ನ ಮರ ಇರಲಿಲ್ಲ. ಸಂಘ ಬಿಡುತ್ತೇನೆ ಎಂದು ಎಲ್ಲರೂ ಅಂದುಕೊಂಡರು. ನಾನು ಬಿಡಲಿಲ್ಲ. ಪ್ರತಿ ತಿಂಗಳೂ ಹೋಗಿ, ಮೇಜಿನ ಆ ತುದಿಯಲ್ಲಿ ಅವರಿಗೆ ಬೆನ್ನು ಮಾಡಿ ಕೂತೆ. ಐದು ವರ್ಷ ನಾವಿಬ್ಬರೂ ನೇರ ಮಾತಾಡಲಿಲ್ಲ. ಪಕ್ಕದಲ್ಲೇ ಇದ್ದರೂ ಅವರು, “ಟೀಚ್ರೇ, ಮೋಟ್ರಮ್ಮಂಗೆ ಏಳಿ, ಆ ಚಿಗುರು ಮಡಿಕೊಂಡ್ರೆ ಬುಡ ದಪ್ಪಾಯ್ತದೆ,” ಅನ್ನುವರು. ನಾನು, ಟೀಚರ್, ನನಗೆ ಕಿವಿ ಇದೆ ಅಂತ ಅವರಿಗೆ ಹೇಳಿ ಅನ್ನುತ್ತಿದ್ದೆ. ಒಂದು ದಿನ ಟೀಚರ್, “ನಾನೇನ್ ನಿಮ್ಮಿಬ್ರಿಗೆ ಪೋಸ್ಟ್‌ಮ್ಯಾನಾ?” ಎಂದು ಮಣ್ಣು ಕೆದಕುವ ಖುರಪಿ ಎಸೆದು ಎದ್ದುಹೋದರು. ಆಮೇಲೆ ತೋಟದವರು ತಗಡಿನ ಗೋಡೆಗೆ ಹೇಳತೊಡಗಿದರು.

ಗೋಡೆಗೆ ಹೇಳಿದ್ದನ್ನೆಲ್ಲ ನಾನು ಮನೆಯಲ್ಲಿ ಮಾಡಿದೆ. ಅವರ ಮುಂದೆ ಒಂದು ಎಲೆಯನ್ನೂ ಕಿತ್ತಿಲ್ಲ. ಉಳಿದಿದ್ದ ಆ ಒಂದು ಕೊಂಬೆಯನ್ನು ಮೇಲಕ್ಕೆ ಬಿಟ್ಟು, ದಪ್ಪವಾದ ಮೇಲೆ ಕತ್ತರಿಸಿ, ಮತ್ತೆ ಹೊಸ ಚಿಗುರನ್ನು ಮೇಲಕ್ಕೆ ಬಿಟ್ಟು, ಮತ್ತೆ ಕತ್ತರಿಸಿ. ಐದನೆಯ ವರ್ಷ ಕಾಂಡ ಬುಡದಲ್ಲಿ ಮುಷ್ಟಿಯಷ್ಟಾಗಿ, ಮೇಲೆ ಹೋಗುತ್ತಾ ಬೆರಳಿನಷ್ಟಾಗಿ, ನಿಜವಾದ ಆಲದ ಹಾಗೆ ನಿಂತಿತು. ಎಷ್ಟು ತಂತಿ ಸುತ್ತಿದರೂ ಹಾಗೆ ಬರುವುದಿಲ್ಲ. ಇದನ್ನು ಬರೆಯುವಾಗ ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ.

ಆ ಮರ ಪ್ರದರ್ಶನಕ್ಕೆ ಹೋಯಿತು. ಅದರ ಮುಂದೆ ಚೀಟಿಯಲ್ಲಿ ನನ್ನ ಹೆಸರಿತ್ತು. ನೋಡಲು ಬಂದ ಒಂದು ಸಂಸಾರ ಮೆಚ್ಚಿ ನಿಂತಿತ್ತು. ಅವರಿಗೆ ಹೇಗೆ ಬೆಳೆಸಿದೆ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ಹಿಂದಿನಿಂದ ತೋಟದವರು ಜಡ್ಡು ಕೆರೆಯುತ್ತಾ ಬಂದರು.

“ಸಾಕಿದ್ದು ಈಯಮ್ಮ,” ಎಂದರು ಆ ಸಂಸಾರಕ್ಕೆ. “ಕಡಿದೋನು ನಾನು.”

ಒಂದು ದಿನ. ನನ್ನದು ಅನ್ನುವ ಒಂದೇ ಒಂದು ದಿನ. ಅದರಲ್ಲೂ ಪಾಲು ಕೇಳಲು ಬಂದರಲ್ಲ ಎಂದು ಮೈ ಉರಿಯಿತು. ನನ್ನ ಮರದ ಬಗ್ಗೆ ಅವರ ಬಾಯಿಂದ ನನ್ನ ಕಿವಿಗೆ ಬಿದ್ದ ಕೊನೆಯ ಮಾತು ಅದು, ಅದೂ ನನಗೆ ಹೇಳಿದ್ದಲ್ಲ. ಮುಂದಿನ ಬೇಸಗೆಯಲ್ಲಿ ಬಳ್ಳಿಯ ಚಪ್ಪರದ ಕೆಳಗೆ ಕುಸಿದು ಬಿದ್ದವರು ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನಕ್ಕೆ ಟೀಚರ್ ಬಲವಂತದಿಂದ ಕರೆದುಕೊಂಡು ಹೋದರು. ಊಟ ಆದಮೇಲೆ ತೋಟದವರ ಹೆಂಡತಿ ನನ್ನನ್ನು ಮಾತ್ರ ಶೆಡ್ಡಿಗೆ ಕರೆದರು. ಹುಣಸೆಯ ಎಲೆ ಬಾಡಿತ್ತು. ನನಗೆ ಕೈಯಲ್ಲಿ ಶಕ್ತಿ ಇಲ್ಲ, ಮಕ್ಕಳಿಗೆ ಪುರುಸೊತ್ತಿಲ್ಲ, ಇದನ್ನು ನೀನು ತೆಗೆದುಕೊಂಡು ಹೋಗು ಎಂದರು. ನನಗೆ ಯಾಕೆ ಎಂದೆ. ಅವರು ಮರಿಗೆಯ ಒಂದು ಕಿವಿ ಹಿಡಿದರು. ನಾನು ಇನ್ನೊಂದು ಹಿಡಿದೆ. ಇಬ್ಬರೂ ಸೇರಿ ಅದನ್ನು ಗೋಡೆಯಿಂದ ಈಚೆಗೆ ತಿರುಗಿಸಿದೆವು.

ಮುಖದ ಕಡೆ ಸಿಪ್ಪೆ ಬೆಳೆದು ಮುಚ್ಚಿಹೋಗಿದ್ದರೂ, ಬುಡದಿಂದ ಮೊದಲ ಕೊಂಬೆಯವರೆಗೆ ಕಾಂಡದ ಬೆನ್ನಿನಲ್ಲಿ ಹಳೆಯ ಕಚ್ಚುಗಳು. ಒಂದರ ಮೇಲೊಂದು, ಸುತ್ತು ಸುತ್ತಾಗಿ, ಸ್ಕ್ರೂವಿನ ಹಲ್ಲಿನ ಹಾಗೆ. ಒಂದು ಕಡೆ ತುಕ್ಕು ಹಿಡಿದ ಕಬ್ಬಿಣದ ತುದಿಯನ್ನು ಸಿಪ್ಪೆ ಅರ್ಧ ನುಂಗಿ ಇನ್ನೂ ಹೊರಗೆ ಬಿಟ್ಟಿರಲಿಲ್ಲ.

“ಬೇಲಿ ತಂತಿ ಕಣಮ್ಮ,” ಎಂದರು ಆಕೆ. “ಮರ ಬಗ್ಲಿ ಅಂತ ಸುತ್ತುದ್ರು, ಮಳೆಗಾಲ್ದಾಗೆ ಮರ್ತೋದ್ರು. ಯಾರ್ಗೂ ತೋರುಸ್ಬ್ಯಾಡ ಅಂತಿದ್ರು. ನಿಂದ್ ಕಡಿದ್ ದಿನ ಉಣ್ಣಲಿಲ್ಲ.”

ಉಣ್ಣದಿದ್ದರೆ ನನಗೇನಾಯಿತು? ಅಲ್ಲಿ ನಿಂತು ನನಗೆ ಅಳು ಬರಲಿಲ್ಲ. ಐದು ವರ್ಷದ ಸಿಟ್ಟು ಹೊಸದಾಗಿ ಬಂತು. ಅದೇ ತಪ್ಪು, ಅದೇ ಕಚ್ಚು. ಆದರೆ ಅವರು ತಮ್ಮ ಮರವನ್ನು ಕಡಿಯಲಿಲ್ಲ. ಬೆನ್ನನ್ನು ಗೋಡೆಗೆ ತಿರುಗಿಸಿ ಇಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷ ಸಾಕಿದರು, ಅದು ಬದುಕಿತು. ನನ್ನದೂ ಬದುಕುತ್ತಿತ್ತೋ ಏನೋ. ಆ ಮೊದಲ ಭಾನುವಾರ ಮರಿಗೆಯನ್ನು ಅರ್ಧ ಸುತ್ತು ತಿರುಗಿಸಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ, ನಾನು ಅಲ್ಲೇ ಬಿಚ್ಚುತ್ತಿದ್ದೆ. ಅಷ್ಟು ಮಾಡುವುದಕ್ಕಿಂತ ನನ್ನ ಮರ ಕಡಿಯುವುದು ಅವರಿಗೆ ಸುಲಭವಾಯಿತು.

ಹುಣಸೆಯನ್ನು ತಂದೆ. ಈಗ ಚೆನ್ನಾಗಿದೆ. ಕಳೆದ ಪ್ರದರ್ಶನದಲ್ಲಿ ಮೇಜಿನ ನಡುವೆ ಇಟ್ಟೆ, ಕಚ್ಚುಗಳೆಲ್ಲ ಕಾಣುವ ಹಾಗೆ. ಟೀಚರ್ ನೋಡಿ, ಇದು ಬೆನ್ನಲ್ಲವೇನೇ, ಮುಖ ಆ ಕಡೆ ಎಂದರು. ಇಲ್ಲ ಟೀಚರ್, ಇದೇ ಮುಖ ಎಂದೆ. ಅವರು ಚೀಟಿ ತೆಗೆದು ಈ ಕಡೆಗೆ ಇಟ್ಟರು. ಸೇಡು ಅನ್ನುವವರು ಅನ್ನಲಿ. ಹೊಸದಾಗಿ ಬರುವವರ ಬೆರಳು ಹಿಡಿದು ಆ ಕಚ್ಚಿನ ಮೇಲೆ ಓಡಿಸುತ್ತೇನೆ, ಆಮೇಲೆ ತಂತಿ ಕೊಡುತ್ತೇನೆ. ಇದುವರೆಗೆ ಯಾರಿಗೂ ಬಿಚ್ಚು ಎಂದು ಎರಡನೆಯ ಸಲ ಹೇಳಬೇಕಾಗಿ ಬಂದಿಲ್ಲ.

ಕತ್ತರಿ ಈಗ ಎತ್ತಿಕೊಳ್ಳಬಹುದು. ಆದರೆ ಅದಕ್ಕೆ ಮೊದಲು ನಿಮ್ಮ ಕುಂಡವನ್ನು ಒಮ್ಮೆ ಪೂರ್ತಿ ತಿರುಗಿಸಿ ನೋಡಿ. ಬೆನ್ನಿನ ಕಡೆ ಏನಾದರೂ ಕಂಡರೆ, ಯಾರಿಗೂ ತೋರಿಸದೆ ಇಟ್ಟುಕೊಂಡದ್ದು ಇದ್ದರೆ, ನನಗೆ ಬರೆಯಿರಿ. ಯಾರು ಸುತ್ತಿದರು, ಯಾರು ಕಡಿದರು, ಎರಡನ್ನೂ ಬರೆಯಿರಿ.