ಮುದಕವ್ವ ಕೆಚ್ಚಿದ ಹಾಸು

ಬನಹಟ್ಟಿಯ ಆ ಓಣಿಯಲ್ಲಿ ಯಾರ ಮಗ್ಗದ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದರೂ ಮೊದಲು ನೆನಪಾಗುತ್ತಿದ್ದವಳು ಮುದಕವ್ವ. ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು, ಬೆರಳಿಗೆ ಬೂದಿ ಹಚ್ಚಿಕೊಂಡು, ಒಂದೊಂದಾಗಿ ಹೊಸೆದು ಕೂಡಿಸಬೇಕು. ಎರಡು ಸಾವಿರ ಎಳೆ ಕಣ್ರೀ, ಹುಡುಗಾಟವೇ! ಇದಕ್ಕೆ ಕೆಚ್ಚುವುದು ಅನ್ನುತ್ತಾರೆ. ನಲವತ್ತು ವರ್ಷ ಕೆಚ್ಚಿದ ಕೈ ಅದು. ಗಂಡನ ದಿನಕರ್ಮ ಮುಗಿದ ಮರುದಿನವೇ ಯಾರದೋ ಮಗ್ಗ ನಿಂತಿದೆಯೆಂದು ಎದ್ದು ಹೋದವಳು. ಓಣಿಗೆ ಓಣಿಯೇ 'ಮುದಕವ್ವನಂಥಾಕಿ ಇಲ್ಲ' ಅಂದಿತು. ಹಾಗೆ ಅಂದದ್ದೇ ತಪ್ಪಾಯಿತೋ ಏನೋ.

ಈಗ ಎರಡೂ ಕಣ್ಣಿಗೆ ಪೊರೆ. ಜಮಖಂಡಿಯ ಡಾಕ್ಟರು ಆಪರೇಷನ್ನಿಗೆ ಎರಡು ಸಲ ದಿನ ಕೊಟ್ಟರು, ಎರಡು ಸಲವೂ ಈಕೆ ಹೋಗಲಿಲ್ಲ. ಮೂರನೆಯದು ಬುಧವಾರ. ಮಂಗಳವಾರವೇ ಎದುರುಮನೆಯ ಸಾತಪ್ಪನ ಹಾಸು ಮುಗಿಯಬೇಕೆ?

"ಅಕ್ಕಾ, ನೀ ನಾಳೆ ದವಾಖಾನಿಗೆ ಹೋಗಿ ಬಾ. ಹಾಸಿಂದು ಆಮ್ಯಾಲ ನೋಡೂಣು" ಅಂದ ಸಾತಪ್ಪ.

"ನಿನ್ನ ಮಗ್ಗ ನಿಂದರಿಸಿ ನನ್ನ ಕಣ್ಣ ತಗೊಂಡು ಏನ ಮಾಡ್ಲೋ ತಮ್ಮಾ?" ಅಂದವಳೇ ಮರುದಿನ ಬೆಳಿಗ್ಗೆ ಬೂದಿ ಡಬ್ಬಿ ಹಿಡಿದು ನಡೆದೇಬಿಟ್ಟಳು. ಹೊತ್ತು ಮುಳುಗುವವರೆಗೆ ಕೆಚ್ಚಿ, ಹಗುರ ಮನಸ್ಸಿನಿಂದ ಮನೆಗೆ ಬಂದಳು.

ಗುರುವಾರ, ಅಲ್ಲೇ ಮರೆತು ಬಂದಿದ್ದ ಡಬ್ಬಿ ತರಲು ಹೋದರೆ ಮಗ್ಗ ಸುಮ್ಮನಿತ್ತು. ಸಾತಪ್ಪನ ಹೆಂಡತಿ ಮಂಗಲಾ, ಈಕೆ ಕೆಚ್ಚಿದ ಎಳೆಗಳನ್ನೇ ಕತ್ತರಿಸಿ ಮತ್ತೆ ಹೊಸೆಯುತ್ತಿದ್ದಳು. ಕತ್ತರಿಸಿ ಬಿದ್ದ ತುಂಡುಗಳನ್ನು ಬಾಗಿಲ ಬಿಸಿಲಿಗೆ, ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು: ಹಸಿರು ಎಳೆಗೆ ನೀಲಿ ಕೂಡಿತ್ತು, ನೀಲಿಗೆ ಕಪ್ಪು.

"ಯಾವಾಗಿಂದ ಬೇ ಇದು?"

ಮಂಗಲಾ ತಲೆ ಎತ್ತಲಿಲ್ಲ. "ಹ್ವಾದ ವರ್ಷದಿಂದರಿ ಅಕ್ಕಾರ. ನಮ್ಮನ್ಯಾಗ ಅಷ್ಟ ಅಲ್ಲ."

"ಬ್ಯಾಡ ಅಂತ ಒಬ್ಬರರ ಅನಬಾರದ?"

"ಹೆಂಗ ಅನ್ನೂದರಿ? ನೀವು ಮನಸ್ಸಿಗೆ ಹಚ್ಕೋತೀರಿ."

ಮುದಕವ್ವ ಹೊಸ್ತಿಲ ಮೇಲೇ ಕೂತಳು. ಓಣಿಗಾಗಿ ಜೀವ ತೇಯ್ದೆ ಅಂದುಕೊಂಡಿದ್ದಳು. ವರ್ಷವಿಡೀ ಓಣಿಯೇ ಈಕೆ ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡಿತ್ತು. ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು, ಅದು ಆಕೆಯೊಬ್ಬಳಿಗೇ ಗೊತ್ತಿತ್ತು.

"ಖರೆ ಹೇಳ್ತೇನಿ ಮಂಗಲಾ. ನಿಮ್ಮ ಮಗ್ಗದ ಸಲುವಾಗಿ ನಾ ಉಳೀಲಿಲ್ಲ. ಕಣ್ಣಿಗೆ ಕತ್ತರಿ ಹಾಕ್ತಾರಂತ ಅಂಜಿ ಉಳಿದೆ. ನಿಮ್ಮ ಮಗ್ಗ ನನಗ ನೆವ ಆತು."

ಒಳಗಿದ್ದ ಸಾತಪ್ಪ ಎಲ್ಲ ಕೇಳಿಸಿಕೊಂಡಿದ್ದ. ಅಂಗಿ ತೊಟ್ಟು ಹೊರಗೆ ಬಂದ. "ನಡಿ ಅಕ್ಕಾ. ಡಾಕ್ಟರ ಕೈಕಾಲು ಹಿಡದು ಇನ್ನೊಂದು ದಿನ ತಗೊಳ್ಳೂಣು. ನಾ ನಿನ್ನ ಜೋಡಿ ಬರ್ತೇನಿ."

"ಮತ್ತ ಮಗ್ಗ?"

"ನಿಂದರಲಿ."

ಓಣಿಯ ಉದ್ದಕ್ಕೂ ಮಗ್ಗಗಳು ಬಡಿದುಕೊಳ್ಳುತ್ತಿದ್ದವು, ಸಾತಪ್ಪನದೊಂದನ್ನು ಬಿಟ್ಟು. ನಲವತ್ತು ವರ್ಷ ಯಾರ ಮಗ್ಗವನ್ನೂ ನಿಲ್ಲಗೊಡದವಳು ತನಗಾಗಿ ನಿಂತ ಮಗ್ಗವನ್ನು ತಿರುಗಿ ನೋಡಲಾರದೆ, ಬಾಯಿಗೆ ಸೆರಗು ಒತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಅಳುತ್ತಲೇ ನಡೆದಳು.